ಓಡುವಾಗ ಬಿದ್ದ ತಮ್ಮ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 5ರಿಂದ 7ರವರೆಗೆ ಡಾಕ್ಟ್ರಮ್ಮ ಗುಂಪಿನಲ್ಲಿ ಇರುತ್ತಾರೆ. ಹೃದಯದ ಬಡಿತದ ತೊಂದರೆಗಳನ್ನೇ ನೋಡುವ ಕಾರ್ಡಿಯಾಲಜಿಸ್ಟ್ ಇವರು. ಇವತ್ತಿನ ವಿಷಯ, ವಂಶದಲ್ಲಿ ಬರುವ ಹೃದಯ ಸ್ನಾಯುವಿನ ಕಾಯಿಲೆ. ಮನೆಯ ಆರೋಗ್ಯದ ಮಾತಾದ್ದರಿಂದ ಯಾರೂ ಹೆಸರು ಹಾಕಬೇಡಿ, ಏರಿಯಾ ಹೆಸರು ಸಾಕು. ಫಾರ್ವರ್ಡ್ ಮೆಸೇಜ್ ಬೇಡ ಅಂತ ವಿನಂತಿ.

ಡಾಕ್ಟ್ರಮ್ಮ: ನಮಸ್ಕಾರ. ಕೇಳಿ. ವಯಸ್ಸೆಷ್ಟು, ಏನಾಯ್ತು, ಏನು ಮಾಡುತ್ತಿರುವಾಗ ಆಯ್ತು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ. ಇಷ್ಟು ಬರೆದರೆ ನನಗೆ ಉತ್ತರ ಹೇಳಲು ಸುಲಭ.

ವಿಜಯನಗರ: ಮೇಡಂ, ಸ್ನಾಯುವಿನ ಕಾಯಿಲೆ ಅಂದರೆ ಬ್ಲಾಕೇಜಾ?

ಡಾಕ್ಟ್ರಮ್ಮ: ಅಲ್ಲ. ಬ್ಲಾಕ್ ಆಗುವುದು ಹೃದಯಕ್ಕೆ ರಕ್ತ ಕೊಡುವ ನಾಳಗಳಲ್ಲಿ. ಇದು ಸ್ನಾಯುವಿನದೇ ದೋಷ, ಅಪ್ಪ ಅಮ್ಮನ ಕಡೆಯಿಂದ ಜೀನ್‌ನಲ್ಲಿ ಬಂದದ್ದು. ಆಂಜಿಯೋಗ್ರಾಂ ಪೂರ್ತಿ ಸ್ವಚ್ಛ ಬಂದವರಿಗೂ ಇದು ಇರಬಹುದು. ಇದರಲ್ಲಿ ಹಲವು ಬಗೆ. ಸ್ನಾಯು ದಪ್ಪ ಆಗುವುದು ಒಂದು, ಹಿಗ್ಗಿ ಸಡಿಲ ಆಗುವುದು ಇನ್ನೊಂದು. ಅಪರೂಪದ್ದು ಮತ್ತೊಂದಿದೆ. ಅದರಲ್ಲಿ ಸ್ನಾಯು ಸಾಯುತ್ತಾ ಹೋಗಿ ಆ ಜಾಗಕ್ಕೆ ಕೊಬ್ಬು, ಗಾಯದ ಕಲೆ ಬರುತ್ತವೆ.

ಕೆಂಗೇರಿ: ಮೇಡಂ, ನನ್ನ ತಮ್ಮನ ವಿಷಯ. 26 ವರ್ಷ, ಪೀಣ್ಯದಲ್ಲಿ ಕೆಲಸ. ದಿನಾ ಬೆಳಗ್ಗೆ ಓಡುತ್ತಾನೆ. 10 ಕಿಲೋಮೀಟರ್ ಓಟಕ್ಕೆ ತಯಾರಿ ನಡೆಸಿದ್ದ. ಮೂರು ವಾರದ ಹಿಂದೆ ಜ್ಞಾನಭಾರತಿ ಒಳಗೆ ಓಡುತ್ತಿದ್ದವನು ಧೊಪ್ಪನೆ ಬಿದ್ದ. ಗಲ್ಲಕ್ಕೆ 4 ಹೊಲಿಗೆ. ಒಂದು ನಿಮಿಷದಲ್ಲಿ ಎಚ್ಚರ ಆಯ್ತಂತೆ. ಕೈಕಾಲು ಸ್ವಲ್ಪ ಅದುರಿತ್ತು ಅಂತ ಜೊತೆಗಿದ್ದವರು ಹೇಳಿದರು. ಒಂದು ನರ್ಸಿಂಗ್ ಹೋಮ್‌ನಲ್ಲಿ ಫಿಟ್ಸ್ ಅಂತ ಹೇಳಿ ಮಾತ್ರೆ ಶುರು ಮಾಡಿದರು. ತಲೆಯ ಸ್ಕ್ಯಾನ್ ನಾರ್ಮಲ್. ಹೃದಯದ ಸ್ಕ್ಯಾನ್, ಎಕೋ, ಅದೂ ನಾರ್ಮಲ್. ಈಗ ಆರಾಮಾಗಿದ್ದಾನೆ, ನಾಳೆಯಿಂದ ಮತ್ತೆ ಓಡುತ್ತಾನಂತೆ. ಓಡಬಹುದಾ?

ಡಾಕ್ಟ್ರಮ್ಮ: ಬೇಡ. ನಾಳೆ ಓಡುವುದು ಬೇಡ. ಮೂರು ಪ್ರಶ್ನೆಗೆ ಉತ್ತರ ಹೇಳಿ. ಬೀಳುವ ಮುಂಚೆ ಅವನಿಗೆ ಏನಾದರೂ ಸೂಚನೆ ಸಿಕ್ಕಿತ್ತಾ, ಬೆವರು, ಕಣ್ಣು ಕತ್ತಲೆ, ವಾಕರಿಕೆ? ಅಂಗೈ ತರಚಿತ್ತಾ? ಮನೆಯಲ್ಲಿ ಯಾರಾದರೂ 40ರೊಳಗೆ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ?

ಬನಶಂಕರಿ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ಆಪಲ್ ವಿನೆಗರ್ ತಲಾ ಒಂದು ಲೋಟ. ಸಣ್ಣ ಉರಿಯಲ್ಲಿ ಕಾಯಿಸಿ ಮುಕ್ಕಾಲು ಭಾಗಕ್ಕೆ ಇಳಿಸಿ ಜೇನುತುಪ್ಪ ಬೆರೆಸಿ. ದಿನಾ ಬೆಳಗ್ಗೆ 3 ಚಮಚ. ಹೃದಯದ ಎಲ್ಲ ಕಾಯಿಲೆಗೂ ರಾಮಬಾಣ.

ಡಾಕ್ಟ್ರಮ್ಮ: ಇದರಿಂದ ಬ್ಲಾಕೇಜ್ ಹೋಗುವುದಿಲ್ಲ. ಸ್ನಾಯುವಿನ ಕಾಯಿಲೆಗಂತೂ ಸಂಬಂಧವೇ ಇಲ್ಲ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಇಷ್ಟೊಂದು ಬೆಳ್ಳುಳ್ಳಿ ರಸ ಕುಡಿದರೆ ರಕ್ತಸ್ರಾವ ಆಗುವ ಅಪಾಯ ಇದೆ. ದಯವಿಟ್ಟು ಹಾಕಬೇಡಿ.

ಮಲ್ಲೇಶ್ವರ: ಡಾಕ್ಟ್ರೇ, ನಮ್ಮ ಅಮ್ಮ, 58 ವರ್ಷ. ಏಕಾದಶಿ ಉಪವಾಸ ಇದ್ದು ದೇವಸ್ಥಾನದ ಕ್ಯೂನಲ್ಲಿ ನಿಂತಿದ್ದಾಗ ತಲೆ ಸುತ್ತಿ ಕುಸಿದರು. ಮೈಯೆಲ್ಲ ಬೆವೆತಿತ್ತು. ಮಲಗಿಸಿದ ಕೂಡಲೇ ಸರಿ ಹೋದರು. ಇದೂ ವಂಶದ ಕಾಯಿಲೆಯಾ?

ಡಾಕ್ಟ್ರಮ್ಮ: ಹಾಗೆ ಕಾಣುವುದಿಲ್ಲ. ಹೊಟ್ಟೆ ಖಾಲಿ, ತುಂಬಾ ಹೊತ್ತು ನಿಂತಿದ್ದು, ಮುಂಚೆ ಬೆವರು, ಮಲಗಿಸಿದರೆ ಸರಿ. ಇದು ಬಿಪಿ ಇಳಿದು ಬರುವ ಸಾಮಾನ್ಯ ತಲೆಸುತ್ತು. ಬಿಪಿ, ಸಕ್ಕರೆ ನೋಡಿಸಿ, ಒಂದು ಇಸಿಜಿ ತೆಗೆಸಿ. ಸಾಕು.

ಕೆಂಗೇರಿ: ಮೇಡಂ, ಅವನನ್ನೇ ಕೇಳಿದೆ. ಏನೂ ಸೂಚನೆ ಇರಲಿಲ್ಲವಂತೆ. ಓಡುತ್ತಿದ್ದದ್ದು ನೆನಪಿದೆ, ಆಮೇಲೆ ನೆಲದ ಮೇಲಿದ್ದದ್ದು ನೆನಪಿದೆ. ನಡುವೆ ಏನೂ ಇಲ್ಲ. ಅಂಗೈ ಚೆನ್ನಾಗಿದೆ, ಒಂದು ಗೀರೂ ಇಲ್ಲ. ನಮ್ಮ ಸೋದರಮಾವ 31 ವರ್ಷಕ್ಕೆ ಹೋದರು. ಊರು ಚನ್ನರಾಯಪಟ್ಟಣದ ಹತ್ತಿರ. ಕೆರೆಯಲ್ಲಿ ಮುಳುಗಿದರು, ಹಾಗಾಗಿ ಅದು ಬೇರೆ ವಿಷಯ.

ಡಾಕ್ಟ್ರಮ್ಮ: ಮಾವನಿಗೆ ಈಜು ಬರುತ್ತಿತ್ತಾ?

ಕೆಂಗೇರಿ: ಊರಿಗೇ ಒಳ್ಳೆಯ ಈಜುಗಾರ. ಹುಡುಗರಿಗೆಲ್ಲ ಅವರೇ ಕಲಿಸುತ್ತಿದ್ದರು. ಅವತ್ತು ಎತ್ತು ಮೈ ತೊಳೆಯಲು ಹೋಗಿದ್ದರು. ನೀರು ಎದೆಮಟ್ಟ ಅಷ್ಟೇ ಇತ್ತಂತೆ. ಗಾಳಿ ಸೋಕಿತು ಅಂತ ಅಜ್ಜಿ ಈಗಲೂ ಹೇಳುತ್ತಾರೆ.

ಡಾಕ್ಟ್ರಮ್ಮ: ಹಾಗಾದರೆ ಅದು ಬೇರೆ ವಿಷಯ ಅಲ್ಲ. ತಮ್ಮನ ಇಸಿಜಿ ಇದ್ದರೆ ಫೋಟೋ ಹಾಕಿ. ಕಾಗದವನ್ನು ಕಿಟಕಿ ಹತ್ತಿರ ಹಿಡಿದು, ನೆರಳು ಬೀಳದ ಹಾಗೆ ನೇರವಾಗಿ ತೆಗೆಯಿರಿ. ಹೆಸರಿನ ಭಾಗ ಮುಚ್ಚಿ.

ರಾಜಾಜಿನಗರ: ಈಗಿನ ಹುಡುಗರು ಬೀಳುವುದಕ್ಕೆಲ್ಲ ಕಾರಣ ಕೋವಿಡ್ ಲಸಿಕೆ. ಹಾಸನದಲ್ಲಿ ಎಷ್ಟು ಜನ ಹೋದರು ನೋಡಿಲ್ಲವಾ? ಡಾಕ್ಟರುಗಳು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಹೆಬ್ಬಾಳ: ಸರ್, ಅವರ ಮಾವ ತೀರಿಕೊಂಡಾಗ ಲಸಿಕೆ ಎಲ್ಲಿತ್ತು? ಸ್ವಲ್ಪ ಓದಿ ಮಾತಾಡಿ.

ರಾಜಾಜಿನಗರ: ನಾನು ನಿಮ್ಮನ್ನು ಕೇಳಿಲ್ಲ.

ಡಾಕ್ಟ್ರಮ್ಮ: ಇದನ್ನು ಒಂದೇ ಸಲ ಹೇಳುತ್ತೇನೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಇದೇ ಪ್ರಶ್ನೆ ಇಟ್ಟುಕೊಂಡು ದೇಶದ 47 ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿತು. 18ರಿಂದ 45 ವಯಸ್ಸಿನವರಲ್ಲಿ ಕಾರಣ ತಿಳಿಯದೆ ಆದ ಹಠಾತ್ ಸಾವುಗಳನ್ನು ನೋಡಿದರು. ವರದಿ 2023ರಲ್ಲಿ ಬಂತು. ಲಸಿಕೆಯಿಂದ ಸಾವಿನ ಅಪಾಯ ಜಾಸ್ತಿ ಆದದ್ದು ಕಾಣಲಿಲ್ಲ. ಜಾಸ್ತಿ ಕಂಡದ್ದು ಯಾರಲ್ಲಿ ಗೊತ್ತಾ? ಮನೆಯಲ್ಲಿ ಮೊದಲೇ ಹಠಾತ್ ಸಾವು ಆಗಿದ್ದವರಲ್ಲಿ, ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ, ಸಾವಿಗೆ ಸ್ವಲ್ಪ ಮುಂಚೆ ವಿಪರೀತ ಕುಡಿದಿದ್ದವರಲ್ಲಿ, ವಿಪರೀತ ವ್ಯಾಯಾಮ ಮಾಡಿದ್ದವರಲ್ಲಿ. ಮನೆಯಲ್ಲಿ ಹಠಾತ್ ಸಾವು ಅನ್ನುವುದನ್ನು ಗಮನಿಸಿ. ನಾವು ಇವತ್ತು ಮಾತಾಡುತ್ತಿರುವುದೇ ಅದನ್ನು.

ಯಲಹಂಕ: ಮೇಡಂ, ನನಗೆ 34. ಜಿಮ್‌ಗೆ ಹೋಗುತ್ತೇನೆ. ಎಕೋ ನಾರ್ಮಲ್ ಇದೆ. ನಿಶ್ಚಿಂತೆಯಿಂದ ಇರಬಹುದಾ?

ಡಾಕ್ಟ್ರಮ್ಮ: ಏನೂ ತೊಂದರೆ ಇಲ್ಲದಿದ್ದರೆ, ಮನೆಯಲ್ಲಿ ಯಾರೂ ಹೀಗೆ ಹೋಗಿಲ್ಲದಿದ್ದರೆ ಚಿಂತೆ ಬೇಡ. ಆದರೆ ವ್ಯಾಯಾಮದ ನಡುವೆ ಪ್ರಜ್ಞೆ ತಪ್ಪಿದರೆ ಒಂದು ನಾರ್ಮಲ್ ಎಕೋ ನೋಡಿ ಸುಮ್ಮನಾಗಬೇಡಿ.

ಕೆಂಗೇರಿ: ಮೇಡಂ, ಫೋಟೋ ಹಾಕಿದ್ದೇನೆ. ನರ್ಸಿಂಗ್ ಹೋಮ್‌ನಲ್ಲಿ ತೆಗೆದದ್ದು.

ಡಾಕ್ಟ್ರಮ್ಮ: ನೋಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಆ ಗುಲಾಬಿ ಚೌಕಳಿ ಕಾಗದವನ್ನು ಕೈಗೆ ತೆಗೆದುಕೊಳ್ಳಿ. ವಿ1, ವಿ2, ವಿ3, ವಿ4 ಅಂತ ಬರೆದಿರುವ ಗೆರೆ ಹುಡುಕಿ. ಪ್ರತಿ ಬಡಿತದಲ್ಲೂ ಒಂದು ಚೂಪಾದ ಗೀಟು ಇರುತ್ತದೆ. ಅದಾದ ಮೇಲೆ ಸಣ್ಣ ದಿಬ್ಬ ಬರಬೇಕು. ನಿಮ್ಮ ತಮ್ಮನದರಲ್ಲಿ ದಿಬ್ಬ ಇರಬೇಕಾದ ಕಡೆ ಹಳ್ಳ ಇದೆ, ವಿ1ರಿಂದ ವಿ4ರವರೆಗೂ. ಚಿಕ್ಕ ಮಕ್ಕಳಲ್ಲಿ ಹೀಗೆ ಇರುತ್ತದೆ. 14 ದಾಟಿದವರಲ್ಲಿ ವಿ3ರವರೆಗೆ ಹಳ್ಳ ಇದ್ದರೆ ನಾವು ನಿಂತು ನೋಡಬೇಕು. ಇನ್ನೊಂದು ಇದೆ. ವಿ1ರಲ್ಲಿ ಚೂಪು ಗೀಟು ಮುಗಿದ ಮೇಲೆ, ಹಳ್ಳ ಶುರುವಾಗುವ ಮುಂಚೆ, ಸಾಸಿವೆ ಕಾಳಿನಷ್ಟು ಒಂದು ಉಬ್ಬು ಕಂಡ ಹಾಗಿದೆ. ಫೋಟೋದಲ್ಲಿ ಖಚಿತವಾಗಿ ಹೇಳಲಾಗದು. ನಿಜವಾಗಿ ಇದ್ದರೆ ಅದಕ್ಕೆ ಎಪ್ಸಿಲಾನ್ ಅಲೆ ಅನ್ನುತ್ತಾರೆ. ಬಲಗಡೆ ಕೆಳಕೋಣೆಯ ಒಂದು ಭಾಗಕ್ಕೆ ಕರೆಂಟ್ ತಡವಾಗಿ ತಲುಪುತ್ತಿದೆ ಅಂತ ಅದರ ಅರ್ಥ.

ನನ್ನ ಅನುಮಾನ ಇರುವ ಕಾಯಿಲೆಯ ಹೆಸರು ಅರಿದ್ಮೋಜೆನಿಕ್ ರೈಟ್ ವೆಂಟ್ರಿಕ್ಯುಲಾರ್ ಕಾರ್ಡಿಯೋಮಯೋಪತಿ. ಎಆರ್‌ವಿಸಿ ಅನ್ನಿ. ಹೃದಯದ ಸ್ನಾಯುವಿನ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡಲು ಪ್ರೆಸ್ ಬಟನ್ ತರಹದ ಜೋಡಣೆಗಳಿವೆ. ಈ ಕಾಯಿಲೆಯಲ್ಲಿ ಆ ಬಟನ್ ಹುಟ್ಟಿನಿಂದಲೇ ದುರ್ಬಲ. ಕೂತಿದ್ದಾಗ, ನಡೆಯುವಾಗ ತಡೆದುಕೊಳ್ಳುತ್ತದೆ. ದಿನಾ ಗಂಟೆಗಟ್ಟಲೆ ಓಡಿದರೆ ಎಳೆತ ಜಾಸ್ತಿಯಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಕೋಶ ಸಾಯುತ್ತದೆ, ಆ ಜಾಗಕ್ಕೆ ಕೊಬ್ಬು ಮತ್ತು ಕಲೆ ಬರುತ್ತವೆ. ಬಲಗಡೆ ಕೋಣೆಯ ಗೋಡೆ ತೆಳು, ಹಾಗಾಗಿ ಸಾಮಾನ್ಯವಾಗಿ ಅಲ್ಲೇ ಮೊದಲು. ಕಲೆಯ ಸುತ್ತ ಕರೆಂಟ್ ಗಿರಕಿ ಹೊಡೆಯಲು ಶುರು ಮಾಡಿದರೆ ಬಡಿತ ನಿಮಿಷಕ್ಕೆ 200 ದಾಟಬಹುದು. ಆಗ ಹೃದಯದಿಂದ ರಕ್ತ ಹೊರಗೆ ಹೋಗುವುದೇ ಇಲ್ಲ. ಮನುಷ್ಯ ಸ್ವಿಚ್ ಆರಿಸಿದ ಹಾಗೆ ಬೀಳುತ್ತಾನೆ.

ಅಂಗೈ ಕೇಳಿದ್ದು ಅದಕ್ಕೇ. ಎಡವಿ ಬಿದ್ದವನು ಕೈ ಊರುತ್ತಾನೆ. ತಲೆಸುತ್ತು ಬಂದವನು ಕುಸಿದು ಕೂರುತ್ತಾನೆ. ನಿಮ್ಮ ತಮ್ಮ ಕೈ ಊರುವಷ್ಟು ಹೊತ್ತೂ ಎಚ್ಚರ ಇರಲಿಲ್ಲ. ಕೈಕಾಲು ಅದುರಿದ್ದು ಮಿದುಳಿಗೆ ರಕ್ತ ನಿಂತದ್ದಕ್ಕೂ ಇರಬಹುದು, ಅದು ಫಿಟ್ಸ್ ಆಗಿರಲೇಬೇಕು ಅಂತ ಇಲ್ಲ. ಒಂದೇ ನಿಮಿಷದಲ್ಲಿ ಎದ್ದು ಸರಿಯಾಗಿ ಮಾತಾಡಿದನಲ್ವಾ? ದೊಡ್ಡ ಫಿಟ್ಸ್ ಆದವರು ಸಾಮಾನ್ಯವಾಗಿ ಬಹಳ ಹೊತ್ತು ಮಂಕಾಗಿ ಇರುತ್ತಾರೆ. ಹಾಗಂತ ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನರರೋಗದ ಡಾಕ್ಟರಿಗೆ ಈ ಇಸಿಜಿ ತೋರಿಸಿ, ಅವರೇ ಹೇಳಲಿ.

ಇದು ಖಚಿತ ಆಗಲು ಒಂದೇ ಪರೀಕ್ಷೆ ಅಂತ ಇಲ್ಲ. ಅಂಕ ಕೂಡಿಸಿದ ಹಾಗೆ. ಇಸಿಜಿಗೆ ಇಷ್ಟು, ಮನೆತನಕ್ಕೆ ಇಷ್ಟು, ಬಡಿತಕ್ಕೆ ಇಷ್ಟು, ಎಂಆರ್‌ಐಗೆ ಇಷ್ಟು. 1994ರಲ್ಲಿ ಈ ಲೆಕ್ಕ ಮಾಡಿಟ್ಟರು, 2010ರಲ್ಲಿ ತಿದ್ದಿದರು, 2020ರಲ್ಲಿ ಇಟಲಿಯ ಪಡುವಾ ನಗರದ ವೈದ್ಯರು ಎಡಗಡೆ ಕೋಣೆಯನ್ನೂ ಸೇರಿಸಿದರು. ನಿಮ್ಮ ತಮ್ಮನಿಗೆ ಬೇಕಾದದ್ದು: ಮೈಗೆ ಕಟ್ಟಿ 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್, ಬಲಗಡೆ ಕೋಣೆಯನ್ನು ಅಳತೆ ಮಾಡಿ ನೋಡುವ ಎಕೋ, ಬಣ್ಣದ ಇಂಜೆಕ್ಷನ್ ಕೊಟ್ಟು ಮಾಡುವ ಹೃದಯದ ಎಂಆರ್‌ಐ. ಮೊದಲ ಎಕೋದಲ್ಲಿ ಎಡಗಡೆ ಮಾತ್ರ ಚೆನ್ನಾಗಿ ನೋಡಿರುತ್ತಾರೆ, ಸಾಮಾನ್ಯವಾಗಿ ಹಾಗೇ ಆಗುತ್ತದೆ. ವರದಿ ತೆಗೆದು ನೋಡಿ, ಬಲಗಡೆಯ ಅಳತೆ ಬರೆದಿದ್ದಾರಾ? ಸಾರ್ಕಾಯ್ಡ್ ಅನ್ನುವ ಇನ್ನೊಂದು ಕಾಯಿಲೆ, ನಮ್ಮ ಕಡೆ ಟಿಬಿ ಕೂಡ, ಹೃದಯದಲ್ಲಿ ಇದೇ ವೇಷ ಹಾಕಬಹುದು. ಅದಕ್ಕೆ ಚಿಕಿತ್ಸೆ ಬೇರೆ. ಅದನ್ನೂ ತಳ್ಳಿಹಾಕಿಕೊಳ್ಳಬೇಕು.

ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ 24ರ ಒಬ್ಬ ಕಬಡ್ಡಿ ಹುಡುಗ ಬಂದಿದ್ದ. ಇಂಥದ್ದೇ ಇಸಿಜಿ. ಎಕೋ ನಾರ್ಮಲ್ ಇತ್ತು, ಕ್ರೀಡಾಪಟುಗಳಲ್ಲಿ ಹೀಗೆ ಇರುತ್ತದೆ ಅಂತ ಹೇಳಿ ಕಳಿಸಿದೆ. ಐದು ತಿಂಗಳಿಗೆ ಅವನ ಅಪ್ಪ ಒಬ್ಬರೇ ಬಂದರು, ಕೈಯಲ್ಲಿ ಅದೇ ಕಾಗದ ಇತ್ತು. ಇವತ್ತಿಗೂ ಆ ಕಾಗದ ನನ್ನ ಕಣ್ಣ ಮುಂದೆ ಇದೆ.

ಚಾಮರಾಜಪೇಟೆ: ಕೈಕಾಲು ಅದುರುವಾಗ ಅಂಗೈಗೆ ಬೀಗದ ಕೈ ಕೊಟ್ಟರೆ ನಿಲ್ಲುತ್ತದೆ. ನಮ್ಮ ಕಾಲದಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು.

ಡಾಕ್ಟ್ರಮ್ಮ: ಕಬ್ಬಿಣ ಹುಡುಕಿಕೊಂಡು ಓಡುವ ಆ ಎರಡು ನಿಮಿಷದಲ್ಲಿ ಜೀವ ಹೋಗುತ್ತದೆ ಯಜಮಾನರೇ. ಮಾತಾಡಿಸಿದರೆ ಉತ್ತರ ಇಲ್ಲ, ಉಸಿರು ಸರಿಯಾಗಿ ಆಡುತ್ತಿಲ್ಲ ಅಂದರೆ 108ಕ್ಕೆ ಫೋನ್ ಮಾಡಿ. ಎದೆಯ ನಡುವೆ ಎರಡೂ ಕೈ ಇಟ್ಟು, 5 ಸೆಂಟಿಮೀಟರ್ ಇಳಿಯುವ ಹಾಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಬಸವೇಶ್ವರನಗರ: ಮೇಡಂ, ನನ್ನ ಎಕೋದಲ್ಲಿ ಎಡಗಡೆ ಗೋಡೆ 16 ಮಿಲಿಮೀಟರ್ ಅಂತ ಇದೆ. ಬಿಪಿ 12 ವರ್ಷದಿಂದ ಇದೆ. ಇದೂ ವಂಶದ್ದಾ?

ಡಾಕ್ಟ್ರಮ್ಮ: 15 ದಾಟಿದರೆ ವಂಶದ ದಪ್ಪ ಸ್ನಾಯು ಕಾಯಿಲೆಯ ಅನುಮಾನ ಬರುತ್ತದೆ. ಆದರೆ 12 ವರ್ಷದ ಬಿಪಿಯಿಂದಲೂ ಇಷ್ಟು ದಪ್ಪ ಆಗಬಹುದು. ಬಿಪಿ ಹಿಡಿತದಲ್ಲಿತ್ತಾ? ಹಳೆಯ ಎಕೋ ವರದಿಗಳನ್ನೆಲ್ಲ ತೆಗೆದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ.

ರಾಜಾಜಿನಗರ: ಇದೆಲ್ಲ ಫಾರಿನ್‌ನವರ ಕಾಯಿಲೆ. ಇಟಲಿ ಅಂತ ಅವರೇ ಹೇಳಿದರಲ್ಲ. ನಮ್ಮ ರಾಗಿ ಮುದ್ದೆ ತಿನ್ನುವ ಜನಕ್ಕೆ ಎಲ್ಲಿಂದ ಬಂತು?

ಡಾಕ್ಟ್ರಮ್ಮ: ಇಟಲಿಯಲ್ಲಿ 1982ರಿಂದ ಕ್ರೀಡಾಪಟುಗಳಿಗೆ ಇಸಿಜಿ ಪರೀಕ್ಷೆ ಕಡ್ಡಾಯ. ಹುಡುಕಿದರು, ಸಿಕ್ಕಿತು. ನಾವು ಹುಡುಕುವುದಿಲ್ಲ. ವಂಶದ ಹೃದಯ ಕಾಯಿಲೆ ನಮ್ಮಲ್ಲಿ ಇಲ್ಲ ಅನ್ನುವುದು ತಪ್ಪು. 2009ರಲ್ಲಿ ಹೈದರಾಬಾದಿನ ಜೀವಕೋಶ, ಜೀನ್ ಸಂಶೋಧನಾ ಸಂಸ್ಥೆ ಸಿಸಿಎಂಬಿಯವರು ಇತರರ ಜೊತೆ ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಎಂವೈಬಿಪಿಸಿ3 ಅನ್ನುವ ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋದ ದೋಷ ನಮ್ಮ ಉಪಖಂಡದ ಜನರಲ್ಲಿ ಸುಮಾರು ಶೇಕಡಾ 4ರಷ್ಟು ಮಂದಿಗೆ ಇದೆ. ಅದು ಬೇರೆ ಬಗೆಯ ಸ್ನಾಯು ಕಾಯಿಲೆಗೆ ಸಂಬಂಧಪಟ್ಟದ್ದು. ಮುದ್ದೆಯಿಂದ ಜೀನ್ ಬದಲಾಗುವುದಿಲ್ಲ.

ಕೆಂಗೇರಿ: ಮೇಡಂ, ಓದಿ ಕೈ ನಡುಗುತ್ತಿದೆ. ಇದು ಹೌದು ಅಂತ ಆದರೆ ವಾಸಿ ಆಗುತ್ತದಾ?

ಡಾಕ್ಟ್ರಮ್ಮ: ಬೇರು ಸಮೇತ ಕಿತ್ತುಹಾಕುವ ಔಷಧಿ ಇಲ್ಲ. ಆದರೆ ಜೀವ ಕಾಪಾಡುವ ದಾರಿಗಳು ಚೆನ್ನಾಗಿವೆ, ಧೈರ್ಯ ತೆಗೆದುಕೊಳ್ಳಿ. ಮೊದಲನೆಯದು ಓಟ ನಿಲ್ಲಿಸುವುದು. ಈ ಕಾಯಿಲೆಯಲ್ಲಿ ಅದೇ ಚಿಕಿತ್ಸೆಯ ಅರ್ಧ. ನಿಧಾನದ ನಡಿಗೆ ಮಾಡಬಹುದು, ಸ್ಪರ್ಧೆ ಬೇಡ. ಎರಡನೆಯದು ಬಡಿತ ಹಿಡಿತದಲ್ಲಿಡುವ ಮಾತ್ರೆ, ಬೀಟಾ ಬ್ಲಾಕರ್ ಮೊದಲು. ಸಾಲದಿದ್ದರೆ ಸೋಟಲಾಲ್, ಫ್ಲೆಕಾನೈಡ್, ಅಮಿಯೋಡರೋನ್‌ನಂಥವು. ಯಾವುದು, ಎಷ್ಟು ಅನ್ನುವುದು ನೋಡಿದ ಡಾಕ್ಟರೇ ಹೇಳಬೇಕು. ಮೂರನೆಯದು ಐಸಿಡಿ. ಭುಜದ ಕೆಳಗೆ ಚರ್ಮದೊಳಗೆ ಕೂರಿಸುವ ಸಣ್ಣ ಯಂತ್ರ. ಬಡಿತ ಹುಚ್ಚಾದಾಗ ಅದೇ ಗುರುತಿಸಿ ಒಳಗಿನಿಂದಲೇ ಶಾಕ್ ಕೊಡುತ್ತದೆ. ಕಾಯಿಲೆ ವಾಸಿ ಮಾಡುವುದಿಲ್ಲ, ಸಾಯಲು ಬಿಡುವುದಿಲ್ಲ. ಓಡುವಾಗ ಹೀಗೆ ಬಿದ್ದವನಿಗೆ ಕಾಯಿಲೆ ಖಚಿತ ಆದರೆ ಐಸಿಡಿ ಮಾತು ಬಂದೇ ಬರುತ್ತದೆ. ಪದೇ ಪದೇ ಶಾಕ್ ಬೀಳುತ್ತಿದ್ದರೆ ಗಿರಕಿ ಹೊಡೆಯುವ ಜಾಗವನ್ನು ಸುಡುವ ಅಬ್ಲೇಶನ್ ಇದೆ. ಈ ಕಾಯಿಲೆಯಲ್ಲಿ ಎಷ್ಟೋ ಸಲ ಹೃದಯದ ಹೊರಮೈಯಿಂದಲೂ ಸುಡಬೇಕಾಗುತ್ತದೆ, ಅನುಭವ ಇರುವವರ ಹತ್ತಿರವೇ ಹೋಗಬೇಕು.

ಒಂದು ಮಾತು ಮರೆಯಬೇಡಿ. ಎಂಆರ್‌ಐ ಮೊದಲು ಆಗಲಿ, ಯಂತ್ರ ಆಮೇಲೆ. ಯಂತ್ರ ಕೂತ ಮೇಲೆ ಚಿತ್ರ ಕೆಡುತ್ತದೆ.

ನಿಮ್ಮ ಅಮ್ಮ ಎಲ್ಲಿದ್ದಾರೆ? ಮಾವನಿಂದ ತಮ್ಮನಿಗೆ ದಾರಿ ಅಮ್ಮನ ಮೂಲಕವೇ. ಅಮ್ಮನಿಗೆ ಯಾವ ತೊಂದರೆಯೂ ಇಲ್ಲದೆ ಜೀನ್ ಮಾತ್ರ ಇರಬಹುದು. ಜೀನ್ ಇದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಆದರೆ ಜೀನ್ ಇರುವವರ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಅಂದರೆ ನಿಮಗೂ. ನೀವೂ ಇಸಿಜಿ ತೆಗೆಸಬೇಕು. ಅಮ್ಮ ಊರಲ್ಲೇ ಇದ್ದರೆ ತಾಲೂಕು ಆಸ್ಪತ್ರೆಯಲ್ಲೇ ತೆಗೆಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ಉಚಿತ.

ಯಲಹಂಕ: ಮೇಡಂ, ಒಂದು ಸಂಶಯ. ಎಕೋ ನಾರ್ಮಲ್ ಇದ್ದರೂ ಯಂತ್ರದ ಮೇಲೆ ನಡೆಸಿ ಇಸಿಜಿ ನೋಡುವ ಟಿಎಂಟಿ ಮಾಡಿಸಬೇಕಾ?

ಡಾಕ್ಟ್ರಮ್ಮ: ನಿಮಗೆ ಆಗಲೇ ಹೇಳಿದ್ದೇನೆ.

ನಾಗರಭಾವಿ: ಐಸಿಡಿ ಎಷ್ಟು ಲಕ್ಷ ಆಗುತ್ತದೆ? ಇನ್ಶೂರೆನ್ಸ್‌ನವರು ವಂಶದ ಕಾಯಿಲೆ ಅಂತ ಕ್ಲೇಮ್ ತಿರಸ್ಕರಿಸುತ್ತಾರಾ? ನಮ್ಮ ಭಾವನಿಗೆ ಹಾಕಬೇಕು ಅಂದಿದ್ದಾರೆ.

ಜಯನಗರ: ನಮಸ್ತೆ ಮೇಡಂ. ಚಿಕ್ಕ ಪ್ರಶ್ನೆ. ಮಗಳಿಗೆ 9 ವರ್ಷ. ಅಂಗಾಲು ಒಡೆಯುತ್ತದೆ, ಅಂಗೈ ಚರ್ಮವೂ ಹಳದಿಯಾಗಿ ದಪ್ಪ, ಮಗುವಾಗಿದ್ದಾಗಿನಿಂದ. ಚರ್ಮದ ಡಾಕ್ಟರ್ ಮುಲಾಮು ಕೊಟ್ಟಿದ್ದಾರೆ. ಆಟ ಆಡುವಾಗ ಎದೆ ಡಬಡಬ ಅನ್ನುತ್ತದೆ ಅಂತಾಳೆ. ರಕ್ತ ಕಮ್ಮಿ ಇರಬಹುದಾ?

ಡಾಕ್ಟ್ರಮ್ಮ: ಕೂದಲು ಹೇಗಿದೆ?

ಜಯನಗರ: ಕೂದಲಾ? ತುಂಬಾ ಗುಂಗುರು. ಉಣ್ಣೆ ತರಹ, ಬಾಚಣಿಗೆ ಇಳಿಯುವುದಿಲ್ಲ. ನನ್ನದು, ನಮ್ಮ ಯಜಮಾನರದ್ದು ನೇರ ಕೂದಲು. ಅವರು ನನ್ನ ಸೋದರಮಾವ.

ಡಾಕ್ಟ್ರಮ್ಮ: ನೀವು ಕೇಳಿದ್ದು ಒಳ್ಳೆಯದಾಯ್ತು. ಗಾಬರಿ ಬೇಡ. ಅಂಗೈ ಅಂಗಾಲು ದಪ್ಪ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬರೀ ಚರ್ಮದ ತೊಂದರೆ. ಆದರೆ ದಪ್ಪ ಚರ್ಮ, ಉಣ್ಣೆಯಂಥ ಕೂದಲು, ಎದೆ ಡಬಡಬ ಮೂರೂ ಒಟ್ಟಿಗೆ ಇದ್ದರೆ ಹೃದಯ ನೋಡಲೇಬೇಕು. ಗ್ರೀಸ್ ದೇಶದ ನಕ್ಸೋಸ್ ಅನ್ನುವ ದ್ವೀಪದ ಕುಟುಂಬಗಳಲ್ಲಿ ಹೀಗೆ ಮೂರೂ ಒಟ್ಟಿಗೆ ಇರುವುದನ್ನು ಅಲ್ಲಿನ ವೈದ್ಯರು 1986ರಲ್ಲಿ ಬರೆದರು. 2000ದಲ್ಲಿ ಜೀನ್ ಸಿಕ್ಕಿತು. ಕೆಂಗೇರಿಯವರಿಗೆ ಹೇಳಿದ ಪ್ರೆಸ್ ಬಟನ್ ಹೃದಯದಲ್ಲಷ್ಟೇ ಅಲ್ಲ, ಚರ್ಮದಲ್ಲೂ ಇದೆ. ಬಟನ್‌ನ ಒಂದು ಭಾಗ ಕೆಟ್ಟರೆ ಮೂರೂ ಕಡೆ ಕಾಣಿಸಿಕೊಳ್ಳುತ್ತದೆ. ಚರ್ಮ, ಕೂದಲು ಮೊದಲು ಕಾಣುತ್ತವೆ, ಹೃದಯ ಎಷ್ಟೋ ವರ್ಷ ಆದ ಮೇಲೆ. ಅದಕ್ಕೇ ಈ ಮಕ್ಕಳ ಅಂಗೈ ನಮಗೆ ಮುಂಚಿತವಾಗಿ ಬಂದ ಪತ್ರ ಇದ್ದ ಹಾಗೆ. ಇದು ಅಪ್ಪ ಅಮ್ಮ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಾಗ ಮಾತ್ರ ಆಗುವುದು. ರಕ್ತಸಂಬಂಧದ ಮದುವೆಯಲ್ಲಿ ಆ ಸಂಭವ ಜಾಸ್ತಿ. ಈ ವಾರವೇ ಮಕ್ಕಳ ಹೃದಯ ವೈದ್ಯರ ಹತ್ತಿರ ಇಸಿಜಿ, ಎಕೋ, ಹೋಲ್ಟರ್ ಮಾಡಿಸಿ. ಅಲ್ಲಿಯವರೆಗೆ ಪಿಟಿ ಪೀರಿಯಡ್‌ನಲ್ಲಿ ಓಟ ಬೇಡ ಅಂತ ಶಾಲೆಗೆ ಚೀಟಿ ಕೊಡಿ. ಕೂದಲು, ಅಂಗೈ ಫೋಟೋ ನನಗೆ ಬೇರೆಯಾಗಿ ಕಳಿಸಿ, ಇಲ್ಲಿ ಹಾಕಬೇಡಿ.

ಚಾಮರಾಜಪೇಟೆ: ಸೋದರಮಾವನ ಮದುವೆಯನ್ನು ಸುಮ್ನೆ ದೂರಬೇಡಿ. ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಹೀಗೇ ಆಗಿದೆ. ಎಲ್ಲರೂ 80 ದಾಟಿದ್ದಾರೆ.

ಹೆಬ್ಬಾಳ: ನಿಮ್ಮ ಮನೆಯಲ್ಲಿ ಆಗಿಲ್ಲ ಅಂದರೆ ಯಾರ ಮನೆಯಲ್ಲೂ ಆಗುವುದಿಲ್ಲ ಅಂತಾನಾ?

ಚಾಮರಾಜಪೇಟೆ: ದೊಡ್ಡವರ ಜೊತೆ ಮಾತಾಡುವ ರೀತಿ ಕಲಿಯಪ್ಪ. ಆಸ್ತಿ ಒಡೆಯಬಾರದು, ಹೆಣ್ಣು ಮಗು ಗುರುತಿಲ್ಲದ ಮನೆಗೆ ಹೋಗಿ ಕಷ್ಟಪಡಬಾರದು ಅಂತ ಹಿರಿಯರು ಮಾಡಿದ ಪದ್ಧತಿ ಅದು.

ಹೆಬ್ಬಾಳ: ಪದ್ಧತಿಗೆ ಮಗುವಿನ ಹೃದಯ ಗೊತ್ತಾಗುತ್ತದಾ ಸರ್?

ಜಯನಗರ: ದಯವಿಟ್ಟು ಇಬ್ಬರೂ ನಿಲ್ಲಿಸಿ. ಅದು ನನ್ನ ಮಗು.

ಅಡ್ಮಿನ್: ಮದುವೆ ಚರ್ಚೆ ಇಲ್ಲಿಗೆ ಸಾಕು. ಮುಂದುವರಿಸಿದರೆ ಇಬ್ಬರನ್ನೂ ಇವತ್ತಿನ ಮಟ್ಟಿಗೆ ತೆಗೆಯಬೇಕಾಗುತ್ತದೆ.

ಬನಶಂಕರಿ: ಹೊಳೆಮತ್ತಿ ತೊಗಟೆ ಕಷಾಯ ಹೃದಯ ಸ್ನಾಯುವನ್ನು ಗಟ್ಟಿ ಮಾಡುತ್ತದೆ ಅಂತ ಆಯುರ್ವೇದದಲ್ಲೇ ಇದೆ. ಕೆಂಗೇರಿಯವರು ತಮ್ಮನಿಗೆ ಇದನ್ನು ಕೊಡಲಿ. ಜೊತೆಗೆ ಈ ವಿಡಿಯೋ ನೋಡಿ, ಎದೆ ಹಿಡಿದುಕೊಂಡಾಗ ಜೋರಾಗಿ ಕೆಮ್ಮಿದರೆ ಜೀವ ಉಳಿಯುತ್ತದೆ.

ಡಾಕ್ಟ್ರಮ್ಮ: ಎರಡನೇ ಸಲ ಹೇಳುತ್ತಿದ್ದೇನೆ. ಹಾಕಬೇಡಿ. ಓಡುತ್ತಾ ಓಡುತ್ತಾ ಪ್ರಜ್ಞೆ ತಪ್ಪಿದ ಹುಡುಗ ಹೇಗೆ ಕೆಮ್ಮುತ್ತಾನೆ? ಕೆಮ್ಮುವ ಆ ಉಪಾಯ ಆಸ್ಪತ್ರೆಯಲ್ಲಿ, ಎದೆಗೆ ಮಾನಿಟರ್ ಹಾಕಿರುವಾಗ, ನಾವು ಪಕ್ಕದಲ್ಲಿ ನಿಂತು ಹೇಳಿ ಮಾಡಿಸುವಂಥದ್ದು. ಮನೆಯಲ್ಲಿ ಅದನ್ನು ನಂಬಿ ಕೂತರೆ 108 ಕರೆಯುವ ಸಮಯ ಹೋಗುತ್ತದೆ. ಇನ್ನು ತೊಗಟೆ. ಯಾವ ಕಷಾಯವೂ ಸತ್ತ ಸ್ನಾಯುವನ್ನು ತಿರುಗಿ ತರುವುದಿಲ್ಲ. ಬಡಿತದ ಮಾತ್ರೆ ತೆಗೆದುಕೊಳ್ಳುವವರು ಏನೇನೋ ಬೆರೆಸಿ ಕುಡಿಯುವುದು ಅಪಾಯ. ಮೂರು ತಿಂಗಳು ಕಷಾಯ ಕುಡಿದು ನೋಡೋಣ ಅಂತ ಹೋದವರು ಆ ಮೂರು ತಿಂಗಳನ್ನು ಎಲ್ಲಿಂದ ವಾಪಸ್ ತರುತ್ತಾರೆ?

ಬನಶಂಕರಿ: ನಾನು ಒಳ್ಳೆಯ ಮನಸ್ಸಿಂದ ಹಾಕಿದೆ. ಇಷ್ಟು ಗದರುವ ಅಗತ್ಯ ಇರಲಿಲ್ಲ.

ಡಾಕ್ಟ್ರಮ್ಮ: ನಿಮ್ಮ ಮನಸ್ಸು ಒಳ್ಳೆಯದು ಅಂತ ಗೊತ್ತು. ಆದರೂ ಹಾಕಬೇಡಿ.

ವಿಜಯನಗರ: ಮೇಡಂ, ಎಕೋ ನಾರ್ಮಲ್ ಬಂದರೆ ಸ್ನಾಯು ಸರಿ ಇದೆ ಅಂತಾನಾ?

ಡಾಕ್ಟ್ರಮ್ಮ: ಇಲ್ಲ. ಮೇಲೆ ಓದಿ.

ಪದ್ಮನಾಭನಗರ: ಜೀನ್ ಪರೀಕ್ಷೆ ಮಾಡಿಸಿದರೆ ಎಲ್ಲ ಒಂದೇ ಸಲಕ್ಕೆ ಗೊತ್ತಾಗುತ್ತದಲ್ವಾ? ಬೆಂಗಳೂರಿನಲ್ಲೇ ಲ್ಯಾಬ್‌ಗಳಿವೆ.

ಡಾಕ್ಟ್ರಮ್ಮ: ಇಲ್ಲ. ಎಆರ್‌ವಿಸಿ ಇದ್ದೇ ಇರುವವರಲ್ಲೂ ಸುಮಾರು ಅರ್ಧ ಜನರಲ್ಲಿ ಮಾತ್ರ ಜೀನ್ ದೋಷ ಸಿಗುತ್ತದೆ. ಪಿಕೆಪಿ2 ಅನ್ನುವ ಜೀನ್‌ನಲ್ಲಿ ಜಾಸ್ತಿ. ಸಿಗಲಿಲ್ಲ ಅಂದರೆ ಕಾಯಿಲೆ ಇಲ್ಲ ಅಂತ ಅಲ್ಲ. ಮೊದಲು ಕಾಯಿಲೆ ಇರುವವರ ರಕ್ತ ನೋಡಬೇಕು. ಅವರಲ್ಲಿ ಸಿಕ್ಕರೆ ಆಮೇಲೆ ಮನೆಯವರಲ್ಲಿ ಅದೊಂದನ್ನೇ ಹುಡುಕುವುದು. ಸುಮ್ನೆ ಎಲ್ಲರೂ ಪರೀಕ್ಷೆ ಮಾಡಿಸಿದರೆ ಅರ್ಥವಾಗದ ವರದಿ ಹಿಡಿದುಕೊಂಡು ನಿದ್ದೆ ಕೆಡಿಸಿಕೊಳ್ಳುತ್ತೀರಿ.

ನಾಗರಭಾವಿ: ಮೇಡಂ, ನನ್ನ ಪ್ರಶ್ನೆ ನೋಡಲಿಲ್ಲ ಅನ್ನಿಸುತ್ತದೆ. ಐಸಿಡಿ ಖರ್ಚು?

ರಾಜಾಜಿನಗರ: ಖರ್ಚಿನ ವಿಷಯ ಬಂದರೆ ಯಾರೂ ಮಾತಾಡುವುದಿಲ್ಲ.

ಅಡ್ಮಿನ್: 7.40 ಆಯ್ತು. ಡಾಕ್ಟ್ರಮ್ಮ ಆಸ್ಪತ್ರೆಯ ಕರೆ ಬಂದು ಹೊರಟಿದ್ದಾರೆ. ಉಳಿದವರು ಜಗಳ ನಿಲ್ಲಿಸಿ.

(ಗುರುವಾರ)

ಕೆಂಗೇರಿ: ಮೇಡಂ, ನೋಡಿದಾಗ ಉತ್ತರಿಸಿ. ನನ್ನ ಇಸಿಜಿ ಸರಿ ಇದೆ ಅಂದರು. ತಮ್ಮನಿಗೆ ಹೋಲ್ಟರ್ ಹಾಕಿದ್ದರು, 24 ಗಂಟೆಯಲ್ಲಿ 1,900 ಅಡ್ಡ ಬಡಿತ ಅಂತ ಬಂದಿದೆ. ಎಂಆರ್‌ಐ ಶನಿವಾರ. ಊರಲ್ಲಿ ಅಮ್ಮನ ಇಸಿಜಿ ತೆಗೆಸಿದೆವು. ಫೋಟೋ ಹಾಕಿದ್ದೇನೆ. ನೀವು ಹೇಳಿದ ಹಾಗೆ ನಾನೇ ನೋಡಿದೆ. ವಿ1, ವಿ2, ವಿ3ರಲ್ಲಿ ಹಳ್ಳ ಇದೆ. ಅಮ್ಮನಿಗೆ 52. ಇವತ್ತಿನವರೆಗೆ ಒಂದು ದಿನ ಮಲಗಿದವರಲ್ಲ.

ಡಾಕ್ಟ್ರಮ್ಮ: ನೋಡಿದೆ. ನೀವು ಸರಿಯಾಗಿ ಗುರುತಿಸಿದ್ದೀರಿ, ಹಳ್ಳ ಇದೆ. 24 ಗಂಟೆಯಲ್ಲಿ 500 ದಾಟಿದರೇ ನಾವು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ತಮ್ಮನದು 1,900. ಶನಿವಾರದ ಎಂಆರ್‌ಐ ಯಾವ ಕಾರಣಕ್ಕೂ ಮುಂದೂಡಬೇಡಿ. ಅಮ್ಮನನ್ನು ಬೆಂಗಳೂರಿಗೆ ಕರೆಸಿಕೊಳ್ಳಿ, ಬಸ್ಸಿನಲ್ಲಿ ಒಬ್ಬರೇ ಬರುವುದು ಬೇಡ. ಹೊಲದಲ್ಲಿ ಭಾರ ಹೊರುವ ಕೆಲಸ, ಬಾವಿಯಿಂದ ನೀರು ಸೇದುವುದು ಸದ್ಯಕ್ಕೆ ನಿಲ್ಲಲಿ. ಮಾವನಿಗೆ ಮಕ್ಕಳಿದ್ದಾರಾ?

ಕೆಂಗೇರಿ: ಒಬ್ಬ ಮಗ. 19 ವರ್ಷ. ಮೈಸೂರಲ್ಲಿ ಓದುತ್ತಿದ್ದಾನೆ. ಕಾಲೇಜಿನ ವಾಲಿಬಾಲ್ ಟೀಮ್‌ನಲ್ಲಿದ್ದಾನೆ.

ಡಾಕ್ಟ್ರಮ್ಮ: ಈಗಲೇ ಫೋನ್ ಮಾಡಿ. ಸಂಜೆಯ ಪ್ರಾಕ್ಟೀಸ್‌ಗೆ ಹೋಗುವ ಮುಂಚೆ.

ಕೆಂಗೇರಿ: ಮಾಡುತ್ತಿದ್ದೇನೆ ಮೇಡಂ. ರಿಂಗ್ ಆಗುತ್ತಿದೆ.

ಯಲಹಂಕ: ಮೇಡಂ, ನೀವು ಆನ್‌ಲೈನ್ ಇದ್ದೀರಿ ಅಂತ ಕೇಳುತ್ತಿದ್ದೇನೆ. ಟಿಎಂಟಿ ಮಾಡಿಸಲಾ ಬೇಡವಾ?

ಕೆಂಗೇರಿ: ಎತ್ತಿದ. ಹಾಸ್ಟೆಲ್‌ನಲ್ಲೇ ಇದ್ದಾನೆ. ಇವತ್ತು ಆಡುವುದಿಲ್ಲ ಅಂತ ಒಪ್ಪಿದ್ದಾನೆ. ನಾಳೆ ಬೆಳಗ್ಗೆ ಇಸಿಜಿ ತೆಗೆಸುತ್ತಾನೆ.

ಡಾಕ್ಟ್ರಮ್ಮ: ಒಳ್ಳೆಯದು. ತೆಗೆದ ಕೂಡಲೇ ಕಳಿಸಿ, ಎಷ್ಟು ಹೊತ್ತಾದರೂ ಪರವಾಗಿಲ್ಲ. ಕಿಟಕಿ ಹತ್ತಿರ ಹಿಡಿದು ಫೋಟೋ ತೆಗೆಯಲು ಹೇಳಿ.